ಕಲ್ಲಿಗೆ ಮೊಳೆ ಹೊಡೆಯದೆ: ಕರಾವಳಿಯ ಪ್ರಾಚೀನ ತಾಣಗಳನ್ನು ಅಂಧ ಸಂದರ್ಶಕರಿಗೆ ತೆರೆದಿಡುವ ಬಗೆ

ಕೆಲವು ವರ್ಷಗಳ ಹಿಂದೆ, ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಸ್ನೇಹಿತರೊಬ್ಬರನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋಗಿದ್ದೆ. 1430ರ ಕಾಲದ ಆ ಬಸದಿಯ ಬಗ್ಗೆ ನನಗೆ ತಿಳಿದಿದ್ದನ್ನೆಲ್ಲ ಅರ್ಧ ಗಂಟೆ ಎಡೆಬಿಡದೆ ಹೇಳಿದೆ: ಒಂದರ ಹಾಗೆ ಇನ್ನೊಂದಿಲ್ಲವೆಂದು ಜನ ಹೇಳುವ ಕಂಬಗಳು, ಭೈರಾದೇವಿ ಮಂಟಪದ ಅಡಿಪಟ್ಟಿಕೆಯಲ್ಲಿ ಕಡೆದಿರುವ ಜಿರಾಫೆ, ಆ ಜಿರಾಫೆಯ ಹಿಂದಿರುವ ಕಡಲ ವ್ಯಾಪಾರದ ಕಥೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಕೇಳಿದರು: ‘ಇದೆಲ್ಲ ಸರಿ ಮಾರಾಯ್ರೆ, ನಾವು ಒಳಗೆ ಬಂದ ಬಾಗಿಲು ಈಗ ಯಾವ ಕಡೆ ಉಂಟು?’

ತಾನು ಎಲ್ಲಿ ನಿಂತಿದ್ದೇನೆ ಎಂಬುದು ತಿಳಿಯದ ಮನುಷ್ಯನಿಗೆ ಜಿರಾಫೆಯ ಕಥೆ ಗಾಳಿಯಲ್ಲಿ ತೇಲುವ ಮಾತಾಗುತ್ತದೆ. ಆ ದಿನದ ಬಳಿಕ ಮಂಗಳೂರು, ಉಡುಪಿ, ಕಾರ್ಕಳ ಸುತ್ತಿನ ಬೇರೆ ಬೇರೆ ತಾಣಗಳಲ್ಲಿ ಇಂತಹ ಸಂದರ್ಶಕರ ಜೊತೆ ನಡೆದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ದೇವಸ್ಥಾನದ ಆಡಳಿತ ಸಮಿತಿಯವರು, ಬಸದಿ ಮತ್ತು ಇಗರ್ಜಿ (ಚರ್ಚ್)ಗಳನ್ನು ನೋಡಿಕೊಳ್ಳುವವರು, ಪ್ರವಾಸಿ ಮಾರ್ಗದರ್ಶಿಗಳು, ಶಾಲಾ ಶಿಕ್ಷಕರು ಇದನ್ನು ತಮ್ಮ ತಾಣಕ್ಕೆ ಹೊಂದಿಸಿಕೊಳ್ಳಬಹುದು. ಹೆಚ್ಚಿನ ಕಡೆ ಈ ಕೆಲಸ ಬ್ರೈಲ್ (ಬೆರಳಿನಿಂದ ಓದುವ ಉಬ್ಬುಚುಕ್ಕಿಗಳ ಲಿಪಿ) ಫಲಕದಿಂದ ಆರಂಭವಾಗಿ ಬ್ರೈಲ್ ಫಲಕದಲ್ಲೇ ಮುಗಿಯುತ್ತದೆ. ನನ್ನ ಅನುಭವದಲ್ಲಿ ಫಲಕದ ಸರದಿ ಬರಬೇಕಾದದ್ದು ಕೊನೆಯಲ್ಲಿ. ಮೊದಲು ದಾರಿ, ಆಮೇಲೆ ಸ್ಪರ್ಶ, ಆಮೇಲೆ ಮಾತು. ಈ ಮೂರರಲ್ಲಿ ಬಹುಪಾಲನ್ನು ಪುರಾತನ ಕಲ್ಲಿಗೆ ಒಂದು ಮೊಳೆಯನ್ನೂ ಹೊಡೆಯದೆ ಮಾಡಬಹುದು.

ಯಾರಿಗಾಗಿ, ಯಾರ ಅನುಮತಿಯಿಂದ

ಏನೂ ಕಾಣದವರು ಮಾತ್ರ ನಮ್ಮ ಸಂದರ್ಶಕರೆಂದು ಭಾವಿಸಿದರೆ ಅರ್ಧ ಕೆಲಸ ತಪ್ಪುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಅಂಧತ್ವವನ್ನೂ ಮಂದದೃಷ್ಟಿಯನ್ನೂ ಬೇರೆ ಬೇರೆಯಾಗಿ ವಿವರಿಸುತ್ತದೆ. ಕನ್ನಡಕ ಹಾಕಿದ ಮೇಲೂ, ಎರಡರಲ್ಲಿ ಉತ್ತಮವಾದ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆಯಿದ್ದರೆ, ಅಂದರೆ ಸಾಮಾನ್ಯ ಕಣ್ಣು 60 ಮೀಟರ್ ದೂರದಿಂದ ಗುರುತಿಸುವುದನ್ನು 3 ಮೀಟರ್ ಹತ್ತಿರದಿಂದಲೂ ಗುರುತಿಸಲಾಗದಿದ್ದರೆ, ಅದು ಅಂಧತ್ವ. ದೃಷ್ಟಿಯ ಹರವು 10 ಡಿಗ್ರಿಗಿಂತ ಕಿರಿದಾಗಿದ್ದರೂ ಅಂಧತ್ವವೇ. 6/18ರಿಂದ 3/60ರ ನಡುವಿನದು, ಅಥವಾ ಹರವು 40ರಿಂದ 10 ಡಿಗ್ರಿಯೊಳಗಿನದು ಮಂದದೃಷ್ಟಿ. ಹೀಗಾಗಿ ಬಿಳಿಕೋಲು ಹಿಡಿದು ಬಂದವರು ನಿಮ್ಮ ಅಂಗಿಯ ಬಣ್ಣ ಹೇಳಿದರೆ ‘ಇವರಿಗೆ ಕಾಣುತ್ತದಲ್ಲ’ ಎಂದು ಅನುಮಾನಿಸಬಾರದು. ಕೊಳವೆಯೊಳಗಿಂದ ನೋಡಿದಂತೆ ನಡುವಿನ ಅಂಗೈಯಗಲ ಮಾತ್ರ ಕಾಣುವವರಿದ್ದಾರೆ. ಸುತ್ತಲೂ ಕಂಡು ನಡುವೆ ಮಾತ್ರ ಮಸುಕಾಗಿರುವವರಿದ್ದಾರೆ. ಬಿಸಿಲಿನಲ್ಲಿ ಏನೂ ತೋಚದೆ ನೆರಳಿಗೆ ಬಂದಾಗ ಚೆನ್ನಾಗಿ ಓದುವವರೂ ಇದ್ದಾರೆ.

ಅನುಮತಿಯ ವಿಚಾರ ಚಿಕ್ಕದು, ಆದರೆ ಬಿಡುವಂತಿಲ್ಲ. ಕಾರ್ಕಳದ ಗೊಮ್ಮಟ ಮೂರ್ತಿ ಮತ್ತು ಚತುರ್ಮುಖ ಬಸದಿ ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ಸಂರಕ್ಷಣೆಯಲ್ಲಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ಇಂತಹ ಸ್ಮಾರಕಗಳ ಸುತ್ತಲಿನ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಹೊಸ ಕಟ್ಟೋಣಕ್ಕೆ ಕಟ್ಟುಪಾಡುಗಳಿವೆ. ರಾಜ್ಯ ಸಂರಕ್ಷಿತ ತಾಣಗಳಿಗೆ 1961ರ ಕರ್ನಾಟಕದ ಕಾಯ್ದೆ ಅನ್ವಯಿಸುತ್ತದೆ. ಉಳಿದವು ಮುಜರಾಯಿ ಇಲಾಖೆಗೋ ಮಠಕ್ಕೋ ಧರ್ಮಪ್ರಾಂತ್ಯಕ್ಕೋ ಮನೆತನಕ್ಕೋ ಸೇರಿರುತ್ತವೆ. ಯಾರದ್ದೇ ಆಗಿರಲಿ, ಎತ್ತಿಡಬಹುದಾದ, ಸುತ್ತಿಡಬಹುದಾದ, ಮರುದಿನ ತೆಗೆದರೆ ಗುರುತೂ ಉಳಿಯದ ವ್ಯವಸ್ಥೆಗಳಿಗೆ ಒಪ್ಪಿಗೆ ಸುಲಭವಾಗಿ ಸಿಗುತ್ತದೆ. ಕಲ್ಲು ಕೊರೆಯುವ, ಸಿಮೆಂಟ್ ಮೆತ್ತುವ ಯೋಜನೆಗಳು ಕಡತದಲ್ಲೇ ವರ್ಷ ಕಳೆಯುತ್ತವೆ, ಅದೂ ಸರಿಯಾದ ಕಾರಣಕ್ಕೆ. ಇನ್ನೊಂದು ಕಡೆ, ಸಾಂಸ್ಕೃತಿಕ ಬದುಕಿನಲ್ಲಿ ವಿಕಲಚೇತನರು ಇತರರಂತೆಯೇ ಪಾಲ್ಗೊಳ್ಳುವ ಹಕ್ಕನ್ನು ಮೇಲೆ ಹೇಳಿದ 2016ರ ಕಾಯ್ದೆಯ 29ನೆಯ ಕಲಂ ಎತ್ತಿಹಿಡಿದಿದೆಯೆಂಬುದನ್ನು ಅರ್ಜಿಯಲ್ಲಿ ನಮೂದಿಸಿರಿ.

ಮೊದಲು ನಡೆದು ನೋಡುವುದು

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದು ‘ಅನುಭವ’ ಪಡೆಯುವ ಅಭ್ಯಾಸವೊಂದು ಈಚೆಗೆ ಬೆಳೆದಿದೆ. ಅದರಿಂದ ಸಿಗುವುದು ಭಯವೊಂದೇ. ಇಪ್ಪತ್ತು ವರ್ಷ ಕೋಲಿನ ಸದ್ದಿನಿಂದ ಗೋಡೆಯ ದೂರವನ್ನು ಅಳೆದವರಿಗೂ ಐದು ನಿಮಿಷ ಕತ್ತಲಲ್ಲಿ ತಡಕಾಡಿದವರಿಗೂ ಹೋಲಿಕೆಯೇ ಇಲ್ಲ. ಅದರ ಬದಲು ನಿಮ್ಮ ಊರಿನ ಅಂಧರ ಶಾಲೆ ಅಥವಾ ಸಂಘದ ಮೂಲಕ ಇಬ್ಬರನ್ನು, ಒಬ್ಬರು ಪೂರ್ಣ ಅಂಧರು, ಒಬ್ಬರು ಮಂದದೃಷ್ಟಿಯವರು, ಬರಮಾಡಿಕೊಂಡು ಬಸ್ಸು ನಿಲ್ಲುವ ಸ್ಥಳದಿಂದ ಒಳಗಿನವರೆಗೆ ಅವರ ಜೊತೆ ನಡೆಯಿರಿ. ಅವರ ಸಮಯಕ್ಕೆ ಗೌರವಧನ ಕೊಡಿರಿ. ಎಂಜಿನಿಯರಿಗೆ ಕೊಡುವಾಗ ಯಾರೂ ಹಿಂಜರಿಯುವುದಿಲ್ಲ.

ನಮ್ಮ ಕಡೆಯ ಕಟ್ಟಡಗಳಲ್ಲಿ ಎಡವುವ ಜಾಗಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಬಿಳಿಕೋಲು ನೆಲದಲ್ಲಿರುವುದನ್ನು ಹೇಳುತ್ತದೆಯೇ ಹೊರತು ಸೊಂಟದಿಂದ ಮೇಲಿರುವುದನ್ನು ಹೇಳುವುದಿಲ್ಲ. ಆದ್ದರಿಂದ ಅತಿ ದೊಡ್ಡ ಅಪಾಯ ಇರುವುದು ತಲೆಯ ಮಟ್ಟದಲ್ಲಿ: ಹಳೆಯ ಮನೆ ಮತ್ತು ಬಸದಿಗಳ ಗಿಡ್ಡ ದಾರಂದ, ಹಣೆಗೆ ಬಡಿಯುವಂತೆ ಇಳಿಬಿಟ್ಟ ಗಂಟೆ, ಸರಪಳಿಯ ತೂಗುದೀಪ, ಹೆಂಚಿನ ಮಾಡಿನ ತಗ್ಗಿದ ಅಂಚು. ಎರಡನೆಯದು ಕಾಲಿನ ಮಟ್ಟದಲ್ಲಿ. ದೇವಸ್ಥಾನದ ಸುತ್ತು ಬರುವಾಗ ಗರ್ಭಗುಡಿಯ ಸುತ್ತಲೂ ನೆಲದಿಂದ ಗೇಣೆತ್ತರಕ್ಕೆ ಎದ್ದಿರುವ ಬಲಿಕಲ್ಲುಗಳು ಬರಿಗಾಲಿನ ಬೆರಳನ್ನು ಒಡೆಯಲೆಂದೇ ಇಟ್ಟಂತಿರುತ್ತವೆ. ಬಲಿಕಲ್ಲನ್ನು ಕದಲಿಸುವಂತಿಲ್ಲ; ಅದರ ಪೂಜ್ಯತೆಯ ಕಾರಣದಿಂದ ಅದನ್ನು ತುಳಿಯುವಂತೆಯೂ ಇಲ್ಲ. ಹಾಗಾಗಿ ನಡೆಯುವ ದಾರಿಯನ್ನೇ ಅದರಿಂದ ಎರಡಡಿ ದೂರಕ್ಕೆ ಗುರುತಿಸಬೇಕು. ಮೂರನೆಯದು ಕೆರೆ. ಉಡುಪಿಯ ಮಧ್ವ ಸರೋವರವಿರಲಿ, ಹಳ್ಳಿಯ ದೇವಸ್ಥಾನದ ಪುಷ್ಕರಿಣಿಯಿರಲಿ, ತೆರೆದ ಮೆಟ್ಟಿಲಂಚಿನ ಬಳಿ ಜನವೊಬ್ಬರು ಇರಲೇಬೇಕು. ಅಲ್ಲಿ ಹಾಸು, ಫಲಕ ಯಾವುದೂ ಮನುಷ್ಯನಿಗೆ ಬದಲಿಯಾಗದು.

ಚಪ್ಪಲಿ ಬಿಡುವ ಜಾಗದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಕೋಲನ್ನು ಅಲ್ಲೇ ಬಿಟ್ಟು ಬನ್ನಿ ಎಂದು ಒಂದು ದೇವಸ್ಥಾನದ ಬಾಗಿಲಲ್ಲಿ ನನ್ನ ಸ್ನೇಹಿತರಿಗೆ ಹೇಳಿದರು. ಬೀದಿಯ ಕೊಳೆ ಒಳಗೆ ಬರಬಾರದೆಂಬ ಅವರ ಕಾಳಜಿ ನ್ಯಾಯವಾದದ್ದೇ. ಆದರೆ ಕೋಲು ಕಸಿದುಕೊಂಡರೆ ಅವರ ಕೈಕಾಲು ಕಟ್ಟಿದಂತೆ. ಇದಕ್ಕೆ ಎರಡು ಪರಿಹಾರಗಳಿವೆ: ಬಾಗಿಲಲ್ಲೇ ನೀರು ಮತ್ತು ಬಟ್ಟೆ ಇಟ್ಟು ಕೋಲಿನ ತುದಿಯನ್ನು ಒರೆಸಿಕೊಡುವುದು, ಅಥವಾ ಒಳಗಿನ ಬಳಕೆಗೆಂದೇ ರಬ್ಬರ್ ತುದಿಯ ಎರಡು ಕೋಲುಗಳನ್ನು ತಾಣದಲ್ಲೇ ಇಟ್ಟುಕೊಳ್ಳುವುದು. ಒಂದು ಸಾವಿರ ರೂಪಾಯಿಯೂ ತಗಲದ ಈ ಏರ್ಪಾಟಿನಿಂದ ಅರ್ಚಕರ ಮಡಿಯೂ ಉಳಿಯುತ್ತದೆ, ಬಂದವರ ಸ್ವಾತಂತ್ರ್ಯವೂ ಉಳಿಯುತ್ತದೆ.

ದಿಕ್ಕು ಮತ್ತು ಪಾದ

ಬರಿಗಾಲಿನಲ್ಲಿ ನಡೆಯಬೇಕೆಂಬ ನಮ್ಮ ನಿಯಮವನ್ನು ತೊಡಕೆಂದು ತಿಳಿಯಬೇಕಾಗಿಲ್ಲ. ಇಲ್ಲಿ ಅದೇ ದೊಡ್ಡ ಅನುಕೂಲ. ಬೂಟಿನೊಳಗಿನ ಪಾದಕ್ಕೆ ತಿಳಿಯಬೇಕಾದರೆ ರೈಲು ನಿಲ್ದಾಣದಲ್ಲಿರುವಂತಹ ಉಬ್ಬುಗೆರೆಯ ಹಳದಿ ಟೈಲುಗಳು ಬೇಕು. ಬರಿಯ ಪಾದಕ್ಕೆ ತೆಂಗಿನ ನಾರಿನ ಹಾಸು ಸಾಕು. ನುಣುಪು ಕಲ್ಲಿನ ಮೇಲೆ ಎರಡೂವರೆ ಅಡಿ ಅಗಲದ ನಾರಿನ ಹಾಸನ್ನು ಪ್ರವೇಶದಿಂದ ಮುಖ್ಯ ಸ್ಥಳಗಳವರೆಗೆ ಹಾಸಿದರೆ ಅದೇ ಹೆದ್ದಾರಿ. ತಿರುವು ಬರುವಲ್ಲಿ, ನಿಂತು ಕೇಳಬೇಕಾದಲ್ಲಿ, ಮೆಟ್ಟಿಲಿಗೆ ಒಂದು ಹೆಜ್ಜೆ ಮುಂಚೆ ಹಾಸಿನ ಬಗೆ ಬದಲಾಗಬೇಕು. ನಾರು ಮುಗಿದು ರಬ್ಬರಿನ ತುಂಡೊಂದು ಕಾಲಿಗೆ ಸಿಕ್ಕಿತೆಂದರೆ ‘ನಿಲ್ಲಿ’ ಎಂದರ್ಥ. ತೆಳ್ಳನೆಯ ಹಾಸನ್ನೇ ಆರಿಸಿ, ಅಂಚನ್ನು ಬಿಗಿಯಾಗಿ ಹೊಲಿಸಿರಿ, ಇಲ್ಲವಾದರೆ ಹಾಸೇ ಎಡವುಗಲ್ಲಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಾರ್ಕಳದ ಬಂಡೆ ಹತ್ತು ಗಂಟೆಗೇ ಕಾಯುವುದರಿಂದ ಅಲ್ಲಿಗೆ ಬೆಳಗ್ಗೆ ಬೇಗ ಬರಲು ಮೊದಲೇ ತಿಳಿಸುವುದು ಒಳಿತು.

ದಿಕ್ಕು ಹೇಳುವುದಕ್ಕೆ ಹೊರಗಿನ ಮಾರ್ಗಸೂಚಿಗಳು ಗಡಿಯಾರದ ಮುಳ್ಳನ್ನು ಬಳಸುತ್ತವೆ: ‘ಮೂರು ಗಂಟೆಯ ದಿಕ್ಕಿಗೆ ಕಂಬವಿದೆ’ ಎಂಬಂತೆ. ಅದು ಕೆಲವರಿಗೆ ಹಿಡಿಸುತ್ತದೆ. ಆದರೆ ಕರಾವಳಿಯವರಿಗೆ ಅದಕ್ಕಿಂತ ಹಳೆಯದೂ ಗಟ್ಟಿಯಾದದ್ದೂ ಆದ ನಾಲ್ಕು ಮಾತುಗಳಿವೆ: ಮೂಡು, ಪಡು, ತೆಂಕು, ಬಡಗು (ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರ). ಮನೆಯ ಹೆಸರಿನಲ್ಲಿ, ಊರಿನ ಹೆಸರಿನಲ್ಲಿ, ಯಕ್ಷಗಾನದ ತಿಟ್ಟಿನ ಹೆಸರಿನಲ್ಲಿ ಇವನ್ನು ದಿನವೂ ಬಳಸುವ ನಾವು ಮಾರ್ಗದರ್ಶನದಲ್ಲಿ ಮಾತ್ರ ಮರೆಯುವುದೇಕೋ ತಿಳಿಯದು. ಹೆಚ್ಚಿನ ದೇವಾಲಯಗಳು ಮೂಡುಮುಖವಾಗಿರುವುದರಿಂದ ಕೊಡಿಮರ (ಧ್ವಜಸ್ತಂಭ), ತೀರ್ಥಮಂಟಪ, ಗರ್ಭಗುಡಿ ಎಲ್ಲವೂ ಮೂಡಿನಿಂದ ಪಡುವಿಗೆ ಒಂದೇ ಸಾಲಿನಲ್ಲಿ ಬರುತ್ತವೆ ಎಂದು ಒಮ್ಮೆ ಹೇಳಿದರೆ ಇಡೀ ನಕ್ಷೆ ಮನಸ್ಸಿನಲ್ಲಿ ನಿಲ್ಲುತ್ತದೆ. ಈ ನಿಯಮ ಮುರಿಯುವ ಕಡೆ, ಉದಾಹರಣೆಗೆ ಶ್ರೀಕೃಷ್ಣನ ಮೂರ್ತಿ ಪಡುಮುಖವಾಗಿರುವ ಉಡುಪಿಯ ಮಠದಲ್ಲಿ, ಅದನ್ನು ಮೊದಲೇ ಹೇಳಬೇಕು; ಕನಕನ ಕಿಂಡಿಯ ಐತಿಹ್ಯಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆಯೂ ಇಲ್ಲ. ಘಟ್ಟದ ಮೇಲಿನಿಂದ ಬಂದವರಿಗೆ ಎಡ, ಬಲ ಸೇರಿಸಿ ಹೇಳಿರಿ.

ದಿಕ್ಕು ತಪ್ಪಿಸುವುದರಲ್ಲಿ ಕಾರ್ಕಳದ ಚತುರ್ಮುಖ ಬಸದಿಗೆ ಸಾಟಿಯಿಲ್ಲ. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಈ ಬಸದಿಗೆ ನಾಲ್ಕೂ ದಿಕ್ಕಿಗೆ ಒಂದೇ ಬಗೆಯ ಬಾಗಿಲು; ಒಳಗೆ ನಾಲ್ಕೂ ದಿಕ್ಕಿಗೆ ಅರ, ಮಲ್ಲಿ, ಮುನಿಸುವ್ರತ ಎಂಬ ಅದೇ ಮೂವರು ತೀರ್ಥಂಕರರು. ಕಣ್ಣುಳ್ಳವರು ಯಾವುದನ್ನು ಸೊಗಸೆಂದು ಮೆಚ್ಚುತ್ತಾರೋ ಅದೇ ಸಮಮಿತಿ ಕಾಣದವರನ್ನು ಸುತ್ತಿ ಸುತ್ತಿ ದಣಿಸುತ್ತದೆ. ಇದಕ್ಕೆ ನಾವು ಕಂಡುಕೊಂಡ ಉಪಾಯ ಬಹಳ ಸರಳ: ಒಳಬಂದ ಬಾಗಿಲೊಂದರ ಮುಂದೆ ಮಾತ್ರ ನಾರಿನ ಹಾಸು ಹಾಸುವುದು, ಉಳಿದ ಮೂರನ್ನು ಬರಿಗಲ್ಲಾಗಿ ಬಿಡುವುದು. ಒಂದು ಸುತ್ತು ಬಂದು ಕಾಲಿಗೆ ನಾರು ಸಿಕ್ಕರೆ ಮನೆಗೆ ಬಂದ ಹಾಗೆ. ಎಲ್ಲ ಕಡೆಯೂ ಗುರುತು ಹಾಕುವ ಉತ್ಸಾಹಕ್ಕೆ ಬಿದ್ದರೆ ಗುರುತಿಗೆ ಅರ್ಥವೇ ಉಳಿಯುವುದಿಲ್ಲ.

ಮುಟ್ಟುವುದು, ಮುಟ್ಟಲಾಗದ್ದು

ಯಾವುದನ್ನು ಮುಟ್ಟಬಹುದು ಎಂಬ ಪಟ್ಟಿಯನ್ನು ಮೇಲ್ವಿಚಾರಕರ ಜೊತೆ ಕುಳಿತು ಮೊದಲೇ ಸಿದ್ಧಪಡಿಸಿಕೊಳ್ಳಬೇಕು. ಬೆರಳಿನ ಬೆವರು ಮತ್ತು ಎಣ್ಣೆಯ ಅಂಶ ಕಲ್ಲಿಗಿಂತ ಲೋಹಕ್ಕೂ ಬಣ್ಣಕ್ಕೂ ಹೆಚ್ಚು ಹಾನಿ ಮಾಡುತ್ತದೆ. ಹೊರಾಂಗಣದ ಗಟ್ಟಿ ಕಗ್ಗಲ್ಲಿನ ಗೋಡೆಯನ್ನು ಕೈ ತೊಳೆದುಕೊಂಡು ಮುಟ್ಟುವುದರಿಂದ ಆಗುವ ಸವೆತ ಒಂದು ಮಳೆಗಾಲ ಮಾಡುವುದಕ್ಕಿಂತ ಹೆಚ್ಚಾಗಲಾರದು. ಮಂಗಳೂರಿನ ಸುಲ್ತಾನ್ ಬತ್ತೇರಿ ಈ ದೃಷ್ಟಿಯಿಂದ ಅತ್ಯುತ್ತಮ ತಾಣ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಆ ಕರಿಗಲ್ಲಿನ ಕಾವಲು ಕಟ್ಟೆಯಲ್ಲಿ ಕೋವಿಯ ಕಂಡಿಗಳೊಳಗೆ ಕೈ ತೂರಿಸಿದರೆ ಗೋಡೆಯ ದಪ್ಪ ಮೊಣಕೈಗೆ ತಿಳಿಯುತ್ತದೆ, ಗುರುಪುರ ನದಿಯ ಗಾಳಿ ಬೆರಳಿಗೆ ತಾಗುತ್ತದೆ. ಯಾವ ಕಡೆಯಿಂದ ಬರುವ ಹಡಗಿಗೆ ಕಾಯುತ್ತಿದ್ದರೆಂಬುದನ್ನು ಆಮೇಲೆ ಒಂದೇ ವಾಕ್ಯದಲ್ಲಿ ಹೇಳಿದರೆ ಸಾಕು.

ಪೂಜೆಗೊಳ್ಳುವ ಮೂರ್ತಿಯನ್ನು ಯಾರೂ ಮುಟ್ಟುವಂತಿಲ್ಲ, ಕಣ್ಣುಳ್ಳವರೂ. ಅಲ್ಲಿ ವಿನಾಯಿತಿ ಕೇಳುವುದು ನನಗೆ ಸರಿಕಾಣುವುದಿಲ್ಲ. ಪ್ರತಿರೂಪ ಮಾಡಿಸುವುದೇ ಸರಿಯಾದ ದಾರಿ. ಧರ್ಮಸ್ಥಳದ ಬಾಹುಬಲಿಯನ್ನು ಕಡೆದ ರೆಂಜಾಳ ಗೋಪಾಲ ಶೆಣೈಯವರ ಊರಾದ ಕಾರ್ಕಳದಲ್ಲಿ ಶಿಲ್ಪದ ಕಸುಬು ಬೆಳೆದು ಬಂದಿದೆ. ಪ್ಲಾಸ್ಟಿಕ್ ಮುದ್ರಣದ ಮಾದರಿಗಿಂತ ಅದೇ ಕಲ್ಲಿನಲ್ಲಿ ಕಡೆದ ಮಾದರಿ ಕೈಗೆ ನಿಜ ಹೇಳುತ್ತದೆ. ಅಳತೆಯನ್ನು ಎರಡೂ ತೋಳುಗಳ ತೆಕ್ಕೆಗೆ ಸಿಗುವಂತೆ ಆರಿಸಬೇಕು. ಕಾರ್ಕಳದ ಗೊಮ್ಮಟನ 42 ಅಡಿಯನ್ನು ಇಪ್ಪತ್ತರಲ್ಲಿ ಒಂದಕ್ಕೆ ಇಳಿಸಿದರೆ ಸುಮಾರು 64 ಸೆಂಟಿಮೀಟರ್ ಆಗುತ್ತದೆ. ಪಕ್ಕದಲ್ಲಿ ಅದೇ ಪ್ರಮಾಣದ 8 ಸೆಂಟಿಮೀಟರಿನ ಮನುಷ್ಯನನ್ನು ನಿಲ್ಲಿಸಿ. ಆ ಪುಟ್ಟ ಮನುಷ್ಯನಿಲ್ಲದೆ ಮಾದರಿ ಬರಿಯ ಗೊಂಬೆ. ಹಣ ಉಳಿದರೆ ಮೂರ್ತಿಯ ಕಾಲಿನ ಹೆಬ್ಬೆರಳೊಂದನ್ನು ನಿಜ ಅಳತೆಯಲ್ಲಿ ಕಡೆಸಿ ಪಕ್ಕದಲ್ಲಿಡಿ. ಮಾದರಿಯಿಂದ ಆಕಾರ ತಿಳಿದವರಿಗೆ ಆ ಬೆರಳನ್ನು ಎರಡೂ ಕೈಗಳಿಂದ ತಬ್ಬಿದಾಗ ಗಾತ್ರ ತಿಳಿಯುತ್ತದೆ.

ಉಡುಪಿಯಲ್ಲಿ ಶ್ರೀಕೃಷ್ಣನ ದರ್ಶನ ಪಡೆಯುವ ನವಗ್ರಹ ಕಿಂಡಿಗೆ ಒಂಬತ್ತು ರಂಧ್ರಗಳ ಮರದ ಪ್ರತಿರೂಪವೊಂದನ್ನು ಮಾಡಿ ಹೊರಗೆ ಇಡುವುದಾದರೆ ಅದರಿಂದ ಇನ್ನೊಂದು ಸತ್ಯವೂ ತಿಳಿಯುತ್ತದೆ: ಅಲ್ಲಿ ಕಣ್ಣುಳ್ಳವರಿಗೂ ದೇವರು ಕಾಣುವುದು ತುಂಡು ತುಂಡಾಗಿಯೇ.

ಮುಟ್ಟಲು ಏನೂ ಇಲ್ಲದ ತಾಣವೆಂದರೆ ಚಿತ್ರಗಳ ತಾಣ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೋ ಮೊಸ್ಕೇನಿ 1899ರ ಹೊತ್ತಿಗೆ ಬಿಡಿಸತೊಡಗಿದ ಚಿತ್ರಗಳಲ್ಲಿ ಗೋಡೆಯವು ಹಸಿ ಗಾರೆಯ ಮೇಲಿನವು, ಇನ್ನು ಕೆಲವು ಬಟ್ಟೆಯ ಮೇಲೆ ತೈಲವರ್ಣದಲ್ಲಿ ರಚಿಸಿದವು. ಬೆರಳು ತಾಗಿದರೆ ಎರಡಕ್ಕೂ ಕೇಡು. ಇಂತಹ ಕಡೆ ಒಂದೇ ಒಂದು ಚಿತ್ರವನ್ನು ಆರಿಸಿಕೊಂಡು, ಅದರ ಮುಖ್ಯ ರೇಖೆಗಳನ್ನಷ್ಟೇ ಶಾಖಕ್ಕೆ ಉಬ್ಬುವ ಕಾಗದದ ಮೇಲೆ ಮೂಡಿಸಿರಿ. ಚಿತ್ರದ ಎಲ್ಲ ವಿವರವನ್ನೂ ಉಬ್ಬಿಸಲು ಹೋದರೆ ಬೆರಳಿಗೆ ಸಿಗುವುದು ತುರಿಮಣೆ. ರೇಖೆಗಳ ನಡುವೆ ಬೆರಳ ತುದಿ ಬೇರ್ಪಡಿಸಿ ಗುರುತಿಸುವಷ್ಟು ಬಿಡುವಿರಬೇಕು, ಇಬ್ಬರು ವ್ಯಕ್ತಿಗಳು ಒಬ್ಬರನ್ನೊಬ್ಬರು ಮರೆಮಾಡಿದ್ದರೆ ಅವರನ್ನು ಬಿಡಿಸಿ ಬರೆಯಬೇಕು. ಹಸಿ ಗಾರೆಯ ಚಿತ್ರವೆಂದರೇನು ಎಂಬುದನ್ನು ತಿಳಿಸಲು ಗಾರೆ ಮೆತ್ತಿದ ಹಲಗೆಯೊಂದನ್ನೂ ಬಿಗಿದ ಕ್ಯಾನ್ವಾಸಿನ ತುಂಡೊಂದನ್ನೂ ಕೈಗೆ ಕೊಡಿರಿ.

ಇಂತಹ ವಸ್ತುಗಳನ್ನೆಲ್ಲ ಸೇರಿಸಿ ‘ಮುಟ್ಟುವ ಪೆಟ್ಟಿಗೆ’ಯೊಂದನ್ನು ಪ್ರತಿ ತಾಣದಲ್ಲೂ ಇಡಬಹುದು: ತೂತುತೂತಾದ ಮುರಕಲ್ಲಿನ ತುಂಡು, ನಯಗೊಳಿಸಿದ ಕರಿಗಲ್ಲು, ಹಲಸಿನ ಮರದ ಕೆತ್ತನೆ, ಸುಣ್ಣದ ಗಾರೆ, ತಾಮ್ರದ ತಗಡು. ಇವುಗಳಲ್ಲಿ ನನಗೆ ಪ್ರಿಯವಾದದ್ದು ಹಳೆಯ ಮಂಗಳೂರು ಹೆಂಚು. 1865ರಲ್ಲಿ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಆರಂಭಿಸಿದ ಕಾರ್ಖಾನೆಯ ಹೆಂಚುಗಳ ಮೈಮೇಲೆ ತಯಾರಕರ ಹೆಸರು ಉಬ್ಬಕ್ಷರದಲ್ಲಿಯೇ ಇದೆ. ಹಳೆ ಮನೆ ಕೆಡವಿದಲ್ಲಿ ಅಂತಹ ಹೆಂಚು ಸಿಕ್ಕರೆ ಬಿಡಬೇಡಿ. ಬೆರಳಿನಿಂದ ಓದಬಲ್ಲ ಚರಿತ್ರೆಯ ದಾಖಲೆ ಇಷ್ಟು ಅಗ್ಗವಾಗಿ ಬೇರೆಲ್ಲೂ ದೊರೆಯದು.

ಮಾತಿನಲ್ಲಿ ಕಟ್ಟಿಕೊಡುವುದು

ವಿವರಣೆ ಬರೆಯುವಾಗ ಕ್ರಮ ಮುಖ್ಯ: ಕೇಳುವವರು ನಿಂತಿರುವ ಜಾಗ, ಎದುರಿಗಿರುವುದರ ಒಟ್ಟು ಆಕಾರ, ಗಾತ್ರ, ವಸ್ತು, ಆಮೇಲೆ ವಿವರ, ಕೊನೆಗೆ ಕಥೆ. ನಮ್ಮ ಮಾರ್ಗದರ್ಶಿಗಳು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡಿ, ರಾಜವಂಶಾವಳಿಯಿಂದ ಆರಂಭಿಸುತ್ತಾರೆ. ‘ಇಲ್ಲಿ ನೋಡಿ’, ‘ಹೀಗೆ ಇದೆ’, ‘ಆ ಕಡೆಯದ್ದು’ ಎಂಬ ಮಾತುಗಳನ್ನು ಪೂರ್ತಿ ಬಿಡಬೇಕು. ‘ಅದ್ಭುತ’, ‘ಮನಮೋಹಕ’ ಎಂಬ ಶಬ್ದಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಬಣ್ಣವನ್ನು ಬಿಡಬೇಡಿ, ಹಿಂದೆ ಕಂಡಿದ್ದವರಿಗೆ ಅದು ನೆನಪು, ಎಂದೂ ಕಾಣದವರಿಗೂ ಅದು ಭಾಷೆಯ ಭಾಗ. ಕಾರ್ಕಳದಲ್ಲಿ ನಾನು ಹೇಳುವುದು ಹೆಚ್ಚುಕಡಿಮೆ ಹೀಗಿರುತ್ತದೆ:

‘ನೀವು ಬೋಳು ಬಂಡೆಯ ನೆತ್ತಿಯಲ್ಲಿ ನಿಂತಿದ್ದೀರಿ. ನಿಮ್ಮೆದುರು ಒಂದೇ ಕಲ್ಲಿನಿಂದ ಕಡೆದ ಪುರುಷನ ಮೂರ್ತಿ ನೇರವಾಗಿ ನಿಂತಿದೆ. ಎತ್ತರ 42 ಅಡಿ. ತೆಂಗಿನ ಮರದ ತುದಿಯಿಂದ ಕಾಯಿ ಕೀಳುವವರು ಮಾತಾಡಿದರೆ ಧ್ವನಿ ಎಷ್ಟು ಮೇಲಿನಿಂದ ಬರುತ್ತದೆಯೋ ಸುಮಾರು ಅಷ್ಟು ಮೇಲೆ ಇವನ ಮುಖವಿದೆ. ಕಲ್ಲಿನ ಬಣ್ಣ ಮಳೆಗೆ ಮಾಸಿದ ಬೂದು. ಮೈಮೇಲೆ ಬಟ್ಟೆಯಿಲ್ಲ, ಒಡವೆಯಿಲ್ಲ. ತೋಳುಗಳೆರಡೂ ಬದಿಯಲ್ಲಿ ಇಳಿಬಿದ್ದಿವೆ. ಬಳ್ಳಿಗಳು ಕಾಲನ್ನು ಸುತ್ತಿಕೊಂಡು ಮೇಲೇರಿ ತೋಳಿಗೂ ಹಬ್ಬಿವೆ. ಬಳ್ಳಿ ಹಬ್ಬುವಷ್ಟು ಕಾಲ ಅಲುಗಾಡದೆ ನಿಂತವನು ಈತ. 1432ರಲ್ಲಿ ವೀರಪಾಂಡ್ಯನು ಇದನ್ನು ಪ್ರತಿಷ್ಠಾಪಿಸಿದನು.’

ಇಷ್ಟಾದ ಮೇಲೆ ಭರತ ಬಾಹುಬಲಿಯರ ಕಥೆ. ಕದ್ರಿಯ ಲೋಕೇಶ್ವರನ ಕಂಚಿನ ಮೂರ್ತಿಗೂ ಇದೇ ಕ್ರಮ: ಕುಳಿತ ಭಂಗಿ, ಮೂರು ಮುಖ, ಆರು ಕೈ, ಆಮೇಲೆ ಪೀಠದ ಶಾಸನ, ಆಳುಪ ದೊರೆ ಕುಂದವರ್ಮ, 968ನೆಯ ಇಸವಿ. ಕೇಳುಗರು ತಮ್ಮ ಕೈಯನ್ನೇ ಆ ಭಂಗಿಯಲ್ಲಿ ಹಿಡಿದು ನೋಡುವಂತೆ ಹೇಳಿದರೆ ನೂರು ಮಾತು ಉಳಿಯುತ್ತದೆ. ನಿಲ್ಲುವ ಪ್ರತಿ ಸ್ಥಳಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚಿನ ವಿವರಣೆ ಬೇಡ. ನಡುವೆ ಮೌನಕ್ಕೂ ಜಾಗ ಬಿಡಿ. ಕಲ್ಲಿನ ಚಾವಣಿಯ ಕೆಳಗೆ ಚಪ್ಪಾಳೆಯೊಂದು ಹೇಗೆ ಮರಳಿ ಬರುತ್ತದೆ, ಮರದ ಮುಚ್ಚಿಗೆಯ ಕೆಳಗೆ ಹೇಗೆ ಅಡಗುತ್ತದೆ ಎಂಬುದನ್ನು ಅವರು ನಮಗಿಂತ ಚೆನ್ನಾಗಿ ಕೇಳಬಲ್ಲರು.

ಧ್ವನಿಮುದ್ರಣ ಮಾಡುವುದಾದರೆ ಒಂದು ಅವಕಾಶ ಕೈತಪ್ಪದಿರಲಿ. ಬರೆದ ಫಲಕದಲ್ಲಿ ಜಾಗ ಸಿಗದ ತುಳು, ಕೊಂಕಣಿ, ಬ್ಯಾರಿ ಭಾಷೆಗಳಿಗೆ ಧ್ವನಿಯಲ್ಲಿ ಲಿಪಿಯ ತೊಡಕಿಲ್ಲ. ಊರಿನ ಹಿರಿಯರೊಬ್ಬರ ದನಿಯಲ್ಲಿ ತುಳುವಿನ ವಿವರಣೆ ಮುದ್ರಿಸಿದರೆ ಕಣ್ಣುಳ್ಳವರೂ ಅದನ್ನೇ ಕೇಳುತ್ತಾರೆ. ಯಂತ್ರದ ದನಿಯನ್ನು ಕಡತಗಳಿಗೆ ಬಿಡಿ.

ಮಂದದೃಷ್ಟಿಯವರಿಗೆ

ಇವರಿಗೆ ಬೇಕಾದದ್ದು ಹೆಚ್ಚು ಬೆಳಕಲ್ಲ, ಸರಿಯಾದ ಬೆಳಕು. ಬಿಸಿಲಿನ ಅಂಗಳದಿಂದ ನೇರವಾಗಿ ಬಸದಿಯ ಒಳಗೆ ಕಾಲಿಟ್ಟರೆ ಹೊಂದಿಕೊಳ್ಳಲು ಅವರ ಕಣ್ಣಿಗೆ ಹಲವು ನಿಮಿಷ ಬೇಕು. ಬಾರಕೂರಿನ ಬಸದಿಗೆ ಕತ್ತಲೆ ಬಸದಿಯೆಂದೇ ಹೆಸರು. ಬಾಗಿಲ ಒಳಗೆ ಒಂದು ಬೆಂಚು ಹಾಕಿ, ಪೀಠಿಕೆಯ ಮಾತನ್ನೆಲ್ಲ ಅಲ್ಲೇ ಮುಗಿಸಿದರೆ ಅಷ್ಟರಲ್ಲಿ ಕಣ್ಣು ಸಿದ್ಧವಾಗಿರುತ್ತದೆ. ಕೈಬ್ಯಾಟರಿಯ ಬೆಳಕನ್ನು ಎದುರಿನಿಂದ ಬಿಟ್ಟರೆ ಉಬ್ಬುತಗ್ಗು ಅಳಿಸಿಹೋಗುತ್ತದೆ. ಬದಿಯಿಂದ ಓರೆಯಾಗಿ ಬಿಟ್ಟರೆ ಕೆತ್ತನೆ ಎದ್ದು ನಿಲ್ಲುತ್ತದೆ. ವರ್ಣಚಿತ್ರಗಳಿಗೆ ಮಾತ್ರ ಇದನ್ನು ಮೇಲ್ವಿಚಾರಕರನ್ನು ಕೇಳದೆ ಮಾಡಬಾರದು. ಮೆಟ್ಟಿಲಿನ ಅಂಚಿಗೆ ಬಣ್ಣ ಬಳಿಯುವುದನ್ನು ಸಂರಕ್ಷಿತ ಕಲ್ಲಿನ ಮೇಲೆ ಮಾಡುವಂತಿಲ್ಲ. ಎರಡು ಇಂಚಿನ ಬಿಳಿ ಅಥವಾ ಹಳದಿ ಅಂಚು ಹೊಲಿದ ಹಾಸನ್ನು ಮೆಟ್ಟಿಲ ಮೇಲೆ ಜಾರದಂತೆ ಕೂರಿಸಬಹುದು.

ಕನ್ನಡ ಫಲಕಗಳಲ್ಲಿ ಅಕ್ಷರದ ಗಾತ್ರವನ್ನು ಹೊರಗಿನ ಮಾನದಂಡದಿಂದ ಎತ್ತಿಕೊಂಡರೆ ಮೋಸಹೋಗುತ್ತೇವೆ. ನಮ್ಮ ಒತ್ತಕ್ಷರ ಮೂಲಾಕ್ಷರದ ಅರ್ಧದಷ್ಟಿದ್ದು ಕೆಳಗೆ ಕುಳಿತಿರುತ್ತದೆ. ‘ಕಲು’, ‘ಕಲ್ಲು’ ಎಂಬುದರ ವ್ಯತ್ಯಾಸವಿರುವುದು ಆ ಪುಟ್ಟ ಗುರುತಿನಲ್ಲೇ. ಆದ್ದರಿಂದ ಗಾತ್ರವನ್ನೂ ಸಾಲುಗಳ ಅಂತರವನ್ನೂ ಒತ್ತಕ್ಷರ ಓದಲು ಬರುತ್ತದೆಯೇ ಎಂದು ನೋಡಿ ನಿಶ್ಚಯಿಸಬೇಕು. ಹೊಳೆಯುವ ಉಕ್ಕಿನ ಮೇಲೆ ಕೊರೆದ ಅಕ್ಷರ, ಗಾಜಿನ ಹಿಂದಿನ ಫಲಕ ಇವು ಬೇಡ. ಮಾಸಲು ಕಪ್ಪಿನ ಮೇಲೆ ಬಿಳಿ ಅಥವಾ ತಿಳಿಹಳದಿ ಅಕ್ಷರ, ಕಣ್ಣನ್ನು ಒಂದು ಗೇಣು ಹತ್ತಿರ ತರಲು ಸಾಧ್ಯವಾಗುವ ಎತ್ತರ, ಇಷ್ಟು ಸಾಕು.

ಬ್ರೈಲ್ ಮತ್ತು ಮೊಬೈಲ್

ಈಗ ಫಲಕದ ಮಾತು. ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡ ಅನೇಕರಿಗೆ ಬ್ರೈಲ್ ಬರುವುದಿಲ್ಲ. ಬರುವವರಿಗೆ ಅದು ಬಲು ಪ್ರಿಯ. ಆದ್ದರಿಂದ ಹಾಕಿಸಿರಿ, ಆದರೆ ಸರಿಯಾಗಿ ಹಾಕಿಸಿರಿ. ಬ್ರೈಲ್ ಎಂದರೆ ಅಕ್ಷರವಿನ್ಯಾಸವಲ್ಲ; ಒಂದು ಅಕ್ಷರದ ಚುಕ್ಕಿಗಳು ಕೂರುವ ಮನೆಯೊಳಗೆ ಚುಕ್ಕಿಯಿಂದ ಚುಕ್ಕಿಗೆ ಸುಮಾರು 2.5 ಮಿಲಿಮೀಟರ್, ಮನೆಯಿಂದ ಮನೆಗೆ ಸುಮಾರು 6 ಮಿಲಿಮೀಟರ್ ಎಂಬ ಅಳತೆ ಬೆರಳ ತುದಿಗೆ ಹೊಂದಿಸಿದ್ದು. ಚೆಂದ ಕಾಣಲೆಂದು ಅದನ್ನು ದೊಡ್ಡದು ಮಾಡಿದರೆ ಓದಲಾಗುವುದಿಲ್ಲ. ಭಾರತದ ಭಾಷೆಗಳಿಗೆಂದು 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್‌ನಲ್ಲಿ ಕನ್ನಡದ ಒತ್ತಕ್ಷರ ಕೆಳಗೆ ಬರುವುದಿಲ್ಲ, ಸಾಲಿನಲ್ಲೇ ಬರುತ್ತದೆ. ಹೀಗಾಗಿ ಯಾವುದೋ ತಂತ್ರಾಂಶಕ್ಕೆ ಕನ್ನಡ ಪಠ್ಯ ಸುರಿದು ಬಂದದ್ದನ್ನು ಹಾಗೆಯೇ ಕೊರೆಸಬಾರದು. ಬ್ರೈಲ್ ಓದುವವರೊಬ್ಬರು ಕರಡು ತಿದ್ದಬೇಕು, ಗೋಡೆಗೆ ಕೂರಿಸುವಾಗಲೂ ಜೊತೆಗಿರಬೇಕು. ತಲೆಕೆಳಗಾಗಿ ಕೂರಿಸಿದ ಫಲಕವೊಂದನ್ನು ನಾನೇ ಕಂಡಿದ್ದೇನೆ; ಉದ್ಘಾಟನೆಗೆ ಬಂದ ಯಾರಿಗೂ ಅದು ತಿಳಿದಿರಲಿಲ್ಲ. ಎದೆಮಟ್ಟದ ಗೋಡೆಗಿಂತ ಸೊಂಟದ ಮಟ್ಟದಲ್ಲಿ ಓರೆಯಾಗಿಟ್ಟ ಹಲಗೆ ಓದಲು ಸುಲಭ. ಬಿಸಿಲಿಗೆ ಕಾಯುವ ಲೋಹ ಬೆರಳನ್ನು ಸುಡುವುದರಿಂದ ಫಲಕ ನೆರಳಿನಲ್ಲಿರಬೇಕು.

ಮೊಬೈಲ್‌ನಲ್ಲಿ ಪರದೆಯನ್ನು ಓದಿ ಹೇಳುವ ವ್ಯವಸ್ಥೆ ಈಗ ಅನೇಕರ ಬಳಿಯಿದೆ. ಅವರಿಗೆ ನೀವು ಕಳುಹಿಸುವ ಕನ್ನಡ ಪಠ್ಯ ಯೂನಿಕೋಡ್‌ನಲ್ಲಿರಲೇಬೇಕು. ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಓದುವ ತಂತ್ರಾಂಶಕ್ಕೆ ಅರ್ಥವಿಲ್ಲದ ಅಕ್ಷರಗಳ ಸಂತೆ. ಕರಪತ್ರದ ಫೋಟೊ ಕಳುಹಿಸಿದರೆ ಅದೂ ಸಿಗದು. ಕ್ಯುಆರ್ ಸಂಕೇತ ಅಂಟಿಸುವುದಾದರೆ ಅದರ ಸುತ್ತ ಉಬ್ಬಿದ ಚೌಕಟ್ಟಿರಲಿ, ಇಲ್ಲದಿದ್ದರೆ ಅದು ಎಲ್ಲಿದೆಯೆಂದೇ ತಿಳಿಯುವುದಿಲ್ಲ. ದಪ್ಪ ಗೋಡೆಗಳ ಒಳಗೆ ನೆಟ್‌ವರ್ಕ್ ಸಿಗದ ಕಾರಣ ಧ್ವನಿ ಕಡತಗಳನ್ನು ಪ್ರವೇಶದಲ್ಲೇ ಇಳಿಸಿಕೊಳ್ಳುವಂತಿರಬೇಕು.

ಬಾಗಿಲಲ್ಲಿ ನಿಂತವರು

ಟಿಕೆಟ್ ಕೊಡುವವರು, ಕಾವಲುಗಾರರು, ಅರ್ಚಕರು ಇವರಿಗೆ ಒಂದು ಮಧ್ಯಾಹ್ನದ ತರಬೇತಿ ಸಾಕು. ಮೊದಲು ತಮ್ಮ ಹೆಸರು ಹೇಳಿ, ‘ಸಹಾಯ ಬೇಕಾ?’ ಎಂದು ಕೇಳಬೇಕು, ಬೇಡವೆಂದರೆ ಬಿಡಬೇಕು. ಬೇಕೆಂದರೆ ಅವರ ಕೈಯನ್ನು ಹಿಡಿದೆಳೆಯದೆ ತಮ್ಮ ಮೊಣಕೈಯ ಮೇಲ್ಭಾಗವನ್ನು ಅವರಿಗೆ ಹಿಡಿಯಲು ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಬೇಕು. ಇಕ್ಕಟ್ಟಾದ ಬಾಗಿಲು ಬಂದಾಗ ತಮ್ಮ ತೋಳನ್ನು ಬೆನ್ನ ಹಿಂದಕ್ಕೆ ತಂದರೆ ಅವರು ತಾವಾಗಿ ಹಿಂದೆ ಬರುತ್ತಾರೆ. ‘ಹೊಸ್ತಿಲು ಉಂಟು, ಎತ್ತರ ಒಂದು ಗೇಣು, ದಾಟಿದ ಮೇಲೆ ಎರಡು ಮೆಟ್ಟಿಲು ಕೆಳಗೆ’ ಎಂದು ಮೇಲೆ, ಕೆಳಗೆ ಎಂಬುದನ್ನು ಸೇರಿಸಿಯೇ ಹೇಳಬೇಕು. ಬಿಟ್ಟು ಹೋಗುವಾಗ ಹೇಳಿ ಹೋಗಬೇಕು, ಗೋಡೆಯನ್ನೋ ಕಂಬವನ್ನೋ ಕೈಗೆ ತಾಗಿಸಿ ಹೋಗಬೇಕು. ಜೊತೆಗೆ ಬಂದವರನ್ನು ‘ಇವರಿಗೆ ತೀರ್ಥ ಕೊಡಬಹುದಾ?’ ಎಂದು ಕೇಳುವುದನ್ನು ನಿಲ್ಲಿಸಬೇಕು, ಅವರು ಕಿವುಡರಲ್ಲ. ‘ಪಾಪ’ ಎಂಬ ಮಾತನ್ನಂತೂ ಎಷ್ಟು ಮೆಲ್ಲಗೆ ಆಡಿದರೂ ಅವರಿಗೆ ಕೇಳುತ್ತದೆ. ಪ್ರಸಾದ ಕೊಡುವಾಗ ‘ಬಲಗೈ ನೀಡಿ, ಗಂಧ ಕೊಡುತ್ತಿದ್ದೇನೆ’ ಎಂದು ಹೇಳಿಯೇ ಕೊಡಬೇಕು.

ಉಡುಪಿಯ ಪರ್ಯಾಯ ಉತ್ಸವ, ರಥೋತ್ಸವ, ವಾರದ ಕೊನೆಯ ಜನಜಂಗುಳಿಯ ಹೊತ್ತಿನಲ್ಲಿ ಇವೆಲ್ಲ ನಡೆಯುವುದಿಲ್ಲ. ಜನ ಕಡಿಮೆಯಿರುವ ಬೆಳಗಿನ ವೇಳೆಯನ್ನು ದೂರವಾಣಿಯಲ್ಲಿ ಮೊದಲೇ ತಿಳಿಸುವ ಏರ್ಪಾಟಿರಲಿ.

ಕರಾವಳಿಯ ಮಳೆ ಯಾವ ವ್ಯವಸ್ಥೆಯನ್ನೂ ಒಂದು ವರ್ಷಕ್ಕಿಂತ ಹೆಚ್ಚು ಹಾಗೆಯೇ ಬಿಡುವುದಿಲ್ಲ. ಮೇ ತಿಂಗಳ ಕೊನೆಯಲ್ಲಿ ಹೊರಗಿನ ನಾರಿನ ಹಾಸುಗಳನ್ನು ಸುತ್ತಿ ಅಟ್ಟಕ್ಕೆ ಹಾಕಬೇಕು, ನೆನೆದರೆ ಕೊಳೆಯುತ್ತವೆ. ಮಳೆಗಾಲಕ್ಕೆ ನೀರು ಬಸಿದುಹೋಗುವ ತೂತುಗಳ ರಬ್ಬರ್ ಹಾಸು ಬೇಕು. ಮುರಕಲ್ಲಿನ ಅಂಗಳದ ಪಾಚಿಯನ್ನು ಹದಿನೈದು ದಿನಕ್ಕೊಮ್ಮೆ ತೆಂಗಿನ ಹಿಡಿಸೂಡಿಯಿಂದ ಉಜ್ಜಿಸಬೇಕು. ಉಪ್ಪುಗಾಳಿಗೆ ತುಕ್ಕು ಹಿಡಿದ ಮೊಳೆ, ಕಿಲುಬು ಹಿಡಿದ ಚುಕ್ಕಿ, ಬಾಗಿದ ಅಂಚು ಇವನ್ನು ಬೆರಳಿನಿಂದಲೇ ಪರೀಕ್ಷಿಸಬೇಕು, ಕಣ್ಣಿನಿಂದಲ್ಲ. ಸೆಪ್ಟೆಂಬರ್ ಕೊನೆಗೆ ಮಳೆ ಹಿಂದೆ ಸರಿದ ಮೇಲೆ, ಮೊದಲ ಸಲ ಜೊತೆಗೆ ನಡೆದ ಆ ಇಬ್ಬರನ್ನೇ ಮತ್ತೆ ಕರೆಯಿರಿ. ಈ ಸಲ ನೀವು ಏನೂ ಹೇಳದೆ ಹತ್ತು ಹೆಜ್ಜೆ ಹಿಂದೆ ನಡೆದು, ಒಳಗೆ ಬಂದ ಬಾಗಿಲು ಯಾವ ಕಡೆಯಿದೆ ಎಂದು ನಡುಮಂಟಪದಲ್ಲಿ ಅವರನ್ನು ನೀವೇ ಕೇಳಿರಿ.